ತುಂಗಾ ಬರೆದ ಹನ್ನೊಂದು ಸಾಲು

ಆ ಹನ್ನೊಂದು ಸಾಲು ಯಾರ ಕಣ್ಣಿಗೂ ಬೀಳದಿರಲಿ ಎಂದು ತುಂಗಾ ನಾಲ್ಕು ದಿನದಿಂದ ದೇವರ ಮುಂದೆ ತುಪ್ಪದ ದೀಪ ಹಚ್ಚುತ್ತಿದ್ದಳು. ಐದು ವರ್ಷದ ಹಿಂದೆ ಅದೇ ಹನ್ನೊಂದು ಸಾಲು ಹೇಗಾದರೂ ಅಚ್ಚಾಗಲಪ್ಪ ಎಂದು ಬೇಡಿಕೊಂಡದ್ದೂ ಅದೇ ದೇವರ ಮುಂದೆ. ದೇವರಿಗಾದರೂ ಗೊಂದಲವಾಗದೆ ಇರುತ್ತದೆಯೆ.

ಚಿಂತೆ ಎಂಬುದು ಅವಳಿಗೆ ಹೊಸದಲ್ಲ. ಮೈಸೂರಿನಲ್ಲಿ ಓದುತ್ತಿದ್ದಾಗ ಪರೀಕ್ಷೆಗೆ ಐದು ಪೆನ್ನು ಒಯ್ಯುತ್ತಿದ್ದಳು. ಐದೂ ಒಟ್ಟಿಗೆ ಕೈಕೊಟ್ಟರೆ ಇರಲಿ ಎಂದು ಆರನೆಯದನ್ನು ಪಕ್ಕದ ಬೆಂಚಿನವಳ ಹತ್ತಿರ ಇಟ್ಟಿರುತ್ತಿದ್ದಳು. ಮದುವೆಯಾಗಿ ಮದರಾಸಿನ ವಡಪಳನಿಯಲ್ಲಿ ಮೂರನೆಯ ಮಹಡಿಗೆ ಬಂದ ಮೇಲೆ ಆ ಚಿಂತೆಗೆ ಮೆಟ್ಟಿಲುಗಳೂ ಸೇರಿಕೊಂಡವು. ಬಸ್ ಸ್ಟಾಪಿನವರೆಗೆ ಹೋದವಳು ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಹಿಂದಿರುಗಿ ಹತ್ತುವಳು. ಆರಿಸಿರುವುದನ್ನು ಕಂಡು ಇಳಿದ ಮೇಲೆ, ನೋಡುವ ಭರದಲ್ಲಿ ನಾನೇ ತಿರುಗಿಸಿಬಿಟ್ಟೆನೇನೋ ಎಂದು ಇನ್ನೊಮ್ಮೆ ಹತ್ತುವಳು. ಅತ್ತೆ ನಾಗರತ್ನಮ್ಮನವರದು ಮೂರು ತಲೆಮಾರಿನಿಂದ ಮದರಾಸಿನಲ್ಲೇ ಬೇರುಬಿಟ್ಟ ಮನೆತನ; ಚಿಂತೆಗೆ ಅವರ ಬಾಯಲ್ಲಿ ತಮಿಳಿನ ಕವಲೆಯೇ ಬರುತ್ತಿತ್ತು. "ಕವಲೆ ಪಡೋದಕ್ಕೆ ಯಾರಾದ್ರೂ ಸಂಬಳ ಕೊಡೋ ಹಾಗಿದ್ರೆ ನೀನು ಇಷ್ಟೊತ್ತಿಗೆ ಅಣ್ಣಾ ನಗರದಲ್ಲಿ ಬಂಗಲೆ ಕಟ್ಟಿಸಿರ್ತಿದ್ದೆ ಕಣೇ" ಎನ್ನುವರು.

ಬಂಗಲೆ ಕಟ್ಟಿಸದಿದ್ದರೂ ಆ ಚಿಂತೆಯೇ ಒಮ್ಮೆ ಒಂದು ಉಪಾಯವನ್ನು ಹೆತ್ತಿತು.

ಅದು ಎರಡು ಸಾವಿರದ ಮೂರನೆಯ ಇಸವಿ. ಮಗ ಸಮೀರ ಆಗಿನ್ನೂ ಕೈಗೂಸು. ಕಟ್ಟಡಕ್ಕೆ ಲಿಫ್ಟಿಲ್ಲ. ಕೆಳಗೆ ದಿನಸಿ ಅಂಗಡಿ; ಅಂಗಡಿಯವರನ್ನು ಎಲ್ಲರೂ ಅಣ್ಣಾಚ್ಚಿ, ಅಂದರೆ ಅಣ್ಣ, ಎಂದೇ ಕರೆಯುವರು. ಕೂಸನ್ನು ಕಂಕುಳಲ್ಲಿಟ್ಟುಕೊಂಡು ದಿನಕ್ಕೆ ನಾಲ್ಕು ಸಲ ಇಳಿದು ಹತ್ತಲಾರದೆ ತುಂಗಾ ಅಣ್ಣಾಚ್ಚಿಯ ಹತ್ತಿರ ಐನೂರು ರೂಪಾಯಿ ಕೊಟ್ಟಿಟ್ಟಳು. ಬೇಕಾದದ್ದನ್ನು ಫೋನಿನಲ್ಲಿ ಹೇಳುವುದು, ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಡುವುದು, ಸಾಮಾನು ಮೇಲೆ ಬಂದೊಡನೆ ಅಣ್ಣಾಚ್ಚಿ ಐನೂರರಲ್ಲಿ ಅಷ್ಟನ್ನು ಕಳೆಯುವುದು. ಏರ್ಪಾಡೇನೋ ಚೆನ್ನಾಗಿತ್ತು. ಆದರೆ ಎರಡೇ ದಿನಕ್ಕೆ ಹೊಸ ಚಿಂತೆ ಹುಟ್ಟಿತು. ಯಾರಾದರೂ ತನ್ನ ಹಾಗೆಯೇ ದನಿ ಮಾಡಿ ಅರ್ಧ ಕೆಜಿ ಗೋಡಂಬಿ ತರಿಸಿಕೊಂಡುಬಿಟ್ಟರೆ?

ಯೋಚಿಸಿ ಯೋಚಿಸಿ ಒಂದು ದಾರಿ ಕಂಡುಕೊಂಡಳು. ಅವಳು ಅಣ್ಣಾಚ್ಚಿಗೆ ಬರೀ ಮಿಸ್ಡ್ ಕಾಲ್ ಕೊಡಬೇಕು. ಅವರು ಅವಳ ನಂಬರಿಗೇ ತಿರುಗಿ ಕರೆದು, "ಅಮ್ಮಾ, ಇನ್ನಿಕ್ಕಿ ಎನ್ನ ಕೊಳಂಬು?" ಎಂದು ಕೇಳಬೇಕು, ಅಂದರೆ ಇವತ್ತೇನು ಹುಳಿ ಎಂದು. ಒಲೆಯ ಮೇಲೆ ಬೆಂಡೆಕಾಯಿಯೇ ಕುದಿಯುತ್ತಿರಲಿ, ಬದನೆಕಾಯಿಯೇ ಕುದಿಯುತ್ತಿರಲಿ, ಅವಳು ಆ ತಿಂಗಳಿಗೆ ಗೊತ್ತುಮಾಡಿಕೊಂಡ ಹೆಸರನ್ನೇ ಹೇಳಬೇಕು. ಬೂದುಗುಂಬಳವೆಂದರೆ ಬೂದುಗುಂಬಳ. ಅದು ಸರಿಹೋದರೆ ಮಾತ್ರ ಸಾಮಾನು.

"ಕಾಲ್ ಕಟ್ ಮಾಡೋದು ನೀವು, ತಿರುಗಿ ಮಾಡಿ ದುಡ್ಡು ಕಳ್ಕೊಳ್ಳೋದು ನಾನು" ಎಂದು ಅಣ್ಣಾಚ್ಚಿ ತಮಿಳಿನಲ್ಲಿ ಗೊಣಗುವರು.

"ಅದನ್ನೆಲ್ಲ ಹುಣಸೆಹಣ್ಣಿನ ರೇಟಲ್ಲಿ ಸೇರಿಸಿಕೊಂಡಿದ್ದೀರಲ್ಲ ಅಣ್ಣಾಚ್ಚಿ" ಎಂದು ತುಂಗಾ ತನ್ನ ಮೈಸೂರು ತಮಿಳಿನಲ್ಲಿ ಉತ್ತರಿಸುವಳು.

ಮೈಸೂರಿನಿಂದ ಅವಳಮ್ಮ ಅಂಚೆಯಲ್ಲಿ ಕಳಿಸುತ್ತಿದ್ದ ಒಂದು ವಾರಪತ್ರಿಕೆಯಲ್ಲಿ ಗೃಹಿಣಿಯರ ಉಪಾಯಗಳಿಗೆಂದೇ ಅರ್ಧ ಪುಟವಿತ್ತು. ತುಂಗಾ ತನ್ನದನ್ನು ಇನ್‌ಲ್ಯಾಂಡ್ ಲೆಟರಿನಲ್ಲಿ ಬರೆದು ಕಳಿಸಿದಳು. ಸೆಪ್ಟೆಂಬರಿನಲ್ಲಿ ಅದು ಅಚ್ಚಾಯಿತು. ಮೇಲೆ ಶಾಯಿ ಕಲೆ ತೆಗೆಯುವ ಬಗೆ, ಕೆಳಗೆ ಕರಿಬೇವು ಬಾಡದಂತೆ ಇಡುವ ಬಗೆ, ನಡುವೆ ಹನ್ನೊಂದು ಸಾಲು ತುಂಗಾ.

ಗಂಡ ಸಂಜೀವ ಅದನ್ನು ಓದಲಿಲ್ಲ. ತಮಿಳು ಶಾಲೆಯಲ್ಲಿ ಕಲಿತವನಿಗೆ ಕನ್ನಡ ಬಾಯಿಗೆ ಬರುತ್ತಿತ್ತೇ ಹೊರತು ಕಣ್ಣಿಗಲ್ಲ. ಆದರೆ ಒಂದು ಭಾನುವಾರ ಅವನೇ ಫೋನೆತ್ತಿಕೊಂಡಾಗ ಅಣ್ಣಾಚ್ಚಿ ಹುಳಿ ಯಾವುದೆಂದು ಕೇಳಿದರು. ಅವನು ಒಲೆಯ ಕಡೆ ನೋಡಿ ಸತ್ಯವನ್ನೇ ಹೇಳಿದ. ಬುಟ್ಟಿ ಖಾಲಿಯೇ ಮೇಲೆ ಬಂತು. ಯಾಕೆಂದು ಕೇಳಿದಾಗ ತುಂಗಾ ಎಲ್ಲವನ್ನೂ ವಿವರಿಸಿದಳು. ಮೋಡೆಮ್ ತಯಾರಿಸುವ ಕಂಪನಿಯಲ್ಲಿ ಇಂಜಿನಿಯರಾಗಿದ್ದ ಸಂಜೀವ ಸಂಜೆಯವರೆಗೂ ಅದನ್ನೇ ಕಾಗದದ ಮೇಲೆ ಗೀಚುತ್ತ ಕೂತ. ಮುಂದಿನ ಫೆಬ್ರವರಿ ಹೊತ್ತಿಗೆ ಅಂಗಡಿಯಲ್ಲಿಡುವ ಒಂದು ಪೆಟ್ಟಿಗೆ ಮಾಡಿದ್ದ. ಗಿರಾಕಿ ಮಿಸ್ಡ್ ಕಾಲ್ ಕೊಟ್ಟರೆ ಪೆಟ್ಟಿಗೆಯೇ ತಿರುಗಿ ಕರೆಯುತ್ತದೆ, ಹುಳಿಯ ಬದಲು ಗುಟ್ಟಿನ ನಂಬರು ಕೇಳುತ್ತದೆ, ಸರಿಯಿದ್ದರೆ ಹಣ ಕಳೆಯುತ್ತದೆ. ಅದಕ್ಕೆ ಪೇಟೆಂಟಿಗೆ ಅರ್ಜಿ ಹಾಕಿದ. ಮೂರು ವರ್ಷಕ್ಕೆ ಪೇಟೆಂಟು ಬಂತು. ಕೆಲಸ ಬಿಟ್ಟು, ಹತ್ತಿರದ ಒಂದು ಸಿನಿಮಾ ಸ್ಟುಡಿಯೋ ಹಿಂದಿನ ಗಲ್ಲಿಯಲ್ಲಿ ನಾಲ್ಕು ಜನರ ಕಂಪನಿ ತೆರೆದ.

ಆಮೇಲೆ ಊರ ತುಂಬ ಜಾಹೀರಾತು ಫಲಕ ಹಾಕಿಸಿಕೊಂಡಿದ್ದ ಒಂದು ದೊಡ್ಡ ಕಂಪನಿ ಅಂಥದೇ ಪೆಟ್ಟಿಗೆಯನ್ನು ಮಾರಲು ಶುರುಮಾಡಿತು. ಸಂಜೀವ ಹೈಕೋರ್ಟಿನಲ್ಲಿ ದಾವೆ ಹೂಡಿದ.

ಅಷ್ಟರಲ್ಲಿ ಉಪಾಯ ಹುಟ್ಟಿದ ಕಥೆಯೂ ಬದಲಾಗಿತ್ತು. ಮನೆಗೆ ಬಂದವರಿಗೆಲ್ಲ ಅವನು ಹೇಳುತ್ತಿದ್ದುದು ಹೀಗೆ: "ತಾಂಬರಂ ಸ್ಟೇಷನ್ನಲ್ಲಿ ನಿಂತಿದ್ದೆ. ರೈಲು ಲೇಟು. ಥಟ್ಟಂತ ಹೊಳೀತು ನೋಡಿ." ಮೊದಮೊದಲು ಆ ರೈಲು ಹತ್ತು ನಿಮಿಷ ತಡವಾಗಿತ್ತು. ವರ್ಷ ಕಳೆದಂತೆ ನಲವತ್ತಕ್ಕೆ ಏರಿತು. ಕಾಫಿ ಕೊಡುತ್ತ ಕೇಳಿ ಕೇಳಿ ತುಂಗಾಳಿಗೂ ಆ ರೈಲು ಕಣ್ಣಿಗೆ ಕಟ್ಟಿದಂತಾಗಿತ್ತು. ಅವನು ಸುಳ್ಳು ಹೇಳುತ್ತಿರಲಿಲ್ಲ; ನಿಜವಾಗಿಯೂ ಮರೆತಿದ್ದ.

ಸೋಮವಾರ ಬೆಳಿಗ್ಗೆ ದೊಡ್ಡ ಕಂಪನಿಯ ಉತ್ತರ ಬಂದಿತ್ತು.

"ಏನಂತಾರ್ರೀ ಅವರು?" ಎಂದು ದೋಸೆ ಹುಯ್ಯುತ್ತ ತುಂಗಾ ಕೇಳಿದಳು.

"ಇದ್ರಲ್ಲಿ ಹೊಸದೇನೂ ಇಲ್ಲ ಅಂತಾರೆ. ಹುಡುಕ್ತಾ ಇದಾರಂತೆ. ನಾನು ಅರ್ಜಿ ಹಾಕೋಕೆ ಮುಂಚೆ ಪ್ರಪಂಚದಲ್ಲಿ ಎಲ್ಲಾದ್ರೂ ಇದು ಅಚ್ಚಾಗಿದ್ರೆ ಸಾಕು, ಪೇಟೆಂಟು ಕ್ಯಾನ್ಸಲ್."

"ಎಲ್ಲಾದ್ರೂ ಅಂದ್ರೆ?"

"ಎಲ್ಲಾದ್ರೂ. ಯಾವ ಭಾಷೇಲಾದ್ರೂ. ಟೋಕಿಯೋಲಿ ಹುಡುಕಲಿ, ಬರ್ಲಿನ್ನಲ್ಲಿ ಹುಡುಕಲಿ, ಸಿಗಲ್ಲ ಬಿಡು."

"ಅಮ್ಮಾ, ದೋಸೈ ಕರುಗುದು" ಎಂದ ಸಮೀರ. ದೋಸೆ ಆಗಲೇ ಕರಕಲಾಗಿತ್ತು.

ಶುಕ್ರವಾರ ಮೂರು ಗಂಟೆಗೆ ಸಂಜೀವ ವಕೀಲರ ಆಫೀಸಿಗೆ ಹೋಗಿ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕಿತ್ತು: ಈ ಉಪಾಯ ನನ್ನದೇ, ನನಗೆ ತಿಳಿದಂತೆ ಮೊದಲು ಎಲ್ಲಿಯೂ ಪ್ರಕಟವಾಗಿಲ್ಲ. ವಕೀಲರು ನಾಗರತ್ನಮ್ಮನವರ ದೊಡ್ಡಪ್ಪನ ಮಗ ವಿಷ್ಣುತೀರ್ಥ. ಹಿಂದೊಮ್ಮೆ ಊಟಕ್ಕೆ ಬಂದಾಗ ಅವರು ಹೇಳಿದ ಮಾತು ತುಂಗಾಳ ಕಿವಿಯಲ್ಲೇ ಉಳಿದಿತ್ತು. "ಕೇಸು ಸೋತ್ರೆ ಕೇಸು ಹೋಗುತ್ತೆ, ಅಷ್ಟೇ. ಪ್ರಮಾಣ ಮಾಡಿ ಸುಳ್ಳು ಹೇಳಿದ್ದು ಸಿಕ್ಕಿಬಿದ್ರೆ ಮನುಷ್ಯನ ಮಾತೇ ಹೋಗುತ್ತೆ."

ಗಂಡನಿಗೆ ಹೇಳಲು ಅವಳು ಪ್ರಯತ್ನಪಡದೆ ಇರಲಿಲ್ಲ. ಮಂಗಳವಾರ "ರೀ, ಒಂದು ಯೋಚನೆ ಹತ್ತಿದೆ" ಎಂದಳು. "ಗ್ಯಾಸ್ ಆರಿಸಿದೀಯ, ನಾನೇ ನೋಡ್ದೆ" ಎಂದು ಅವನು ಚಪ್ಪಲಿ ಮೆಟ್ಟಿದ. ಬುಧವಾರ "ರೀ, ಕೇಸಿನ ವಿಷಯ" ಎಂದಳು. "ನೀನು ಅದಕ್ಕೂ ಶುರು ಮಾಡ್ಕೋಬೇಡ ಮಹರಾಯ್ತಿ" ಎಂದು ನಕ್ಕ. ಹುಟ್ಟಿದಾಗಿನಿಂದ ಇಲ್ಲದ ತೋಳ ಬಂತೆಂದು ಕೂಗು ಹಾಕುತ್ತ ಬಂದವಳು ತೋಳ ಬಂದ ದಿನ ಏನು ಮಾಡಬೇಕು?

ಗುರುವಾರ ಮಧ್ಯಾಹ್ನ ಒಂದು ಆಸೆ ಮೂಡಿತು. ಐದು ವರ್ಷದ ಹಿಂದಿನ ವಾರಪತ್ರಿಕೆಯನ್ನು ಯಾರು ಇಟ್ಟುಕೊಂಡಿರುತ್ತಾರೆ? ಬತ್ತಿ ಹೊಸೆಯುತ್ತಿದ್ದ ಅತ್ತೆಯ ಪಕ್ಕದಲ್ಲಿ ಕೂತು, ಏನೂ ಅಲ್ಲವೆಂಬಂತೆ ಕೇಳಿದಳು. "ಅಮ್ಮಾ, ಆ ಹಳೇ ಪತ್ರಿಕೆಗಳನ್ನೆಲ್ಲ ರದ್ದಿಗೆ ಹಾಕಿದ್ವಲ್ಲ?"

"ಹಾಕಿದ್ವಿ."

ತುಂಗಾ ಉಸಿರು ಬಿಟ್ಟಳು.

"ನಿಂದು ಬಂದಿತ್ತಲ್ಲ, ಅದೊಂದು ಬಿಟ್ಟು" ಎಂದು ನಾಗರತ್ನಮ್ಮ ಎದ್ದು, ಬೀರುವಿನಲ್ಲಿ ರೇಷ್ಮೆ ಸೀರೆಗಳ ಅಡಿಯಿಂದ ಒಂದು ಹಾಳೆ ತಂದರು. ಹೊಳೆಯುತ್ತಿತ್ತು. "ಲ್ಯಾಮಿನೇಷನ್ ಮಾಡಿಸ್ದೆ."

"ಯಾಕಮ್ಮಾ?"

"ಯಾಕೇನು? ನಮ್ಮನೇಲಿ ಅದುವರೆಗೆ ಪೇಪರಲ್ಲಿ ಹೆಸರು ಬಂದಿದ್ದು ನಿಮ್ಮಾವಂದು ಒಂದೇ. ಅದೂ ಅವರು ಹೋದ ಮಾರನೇ ದಿವಸ."

"ಬೇರೆ ಯಾರಿಗೂ ತೋರಿಸಿಲ್ಲ ತಾನೆ?"

"ಭಜನೆಗೆ ಬರೋರಿಗೆಲ್ಲ ಒಂದೊಂದು ಜೆರಾಕ್ಸ್ ಕೊಟ್ಟೆ. ಒಂಬತ್ತು ಜನ. ಶ್ರೀಪ್ರಿಯಾ ಎರಡು ತಗೊಂಡ್ಳು. ಒಂದನ್ನ ಅವಳ ನಾದಿನಿ ಜಪಾನಿಗೆ ತಗೊಂಡು ಹೋದ್ಳು."

"ಜಪಾನಿಗಾ?"

"ಅಲ್ಲೂ ಅಂಗಡಿ ಇರುತ್ತಲ್ಲ."

ತುಂಗಾ ಹಾಳೆಯನ್ನು ಕೈಗೆ ತೆಗೆದುಕೊಂಡು ಓದಿದಳು. ಮುಂಗಡ ಕೊಟ್ಟಿಡಿ. ಮಿಸ್ಡ್ ಕಾಲ್ ಕೊಡಿ. ಅವರು ನಿಮ್ಮ ನಂಬರಿಗೇ ತಿರುಗಿ ಕರೆದು ಗುಟ್ಟಿನ ಮಾತು ಕೇಳಲಿ. ಸರಿಯಿದ್ದರೆ ಮಾತ್ರ ಹಣ ಕಳೆಯಲಿ. ಪೇಟೆಂಟಿನಲ್ಲಿ ನಲವತ್ತು ಪುಟ ಇಂಗ್ಲಿಷಿನಲ್ಲಿ ಇದ್ದದ್ದೂ ಇಷ್ಟೇ.

"ಅವರು ರೈಲಿನ ಕಥೆ ಹೇಳುವಾಗ ನೀವು ಯಾವತ್ತೂ ಏನೂ ಅಂದಿಲ್ಲ" ಎಂದಳು.

"ಅವನ ಪೆಟ್ಟಿಗೆ ಬೇರೆ, ನಿನ್ನ ಬುಟ್ಟಿ ಬೇರೆ ಅಂದ್ಕೊಂಡಿದ್ದೆ. ಎರಡೂ ಒಂದೇನಾ?"

ತುಂಗಾ ಹಾಳೆಯನ್ನು ಮಡಿಲಲ್ಲಿ ಮಗುಚಿಟ್ಟಳು. ನಾಗರತ್ನಮ್ಮ ಅವಳ ಮುಖವನ್ನು ನೋಡಿ, ಮೊದಲ ಸಲ, ಕವಲೆಯ ಮಾತೆತ್ತದೆ ಸುಮ್ಮನೆ ಬತ್ತಿ ಹೊಸೆಯತೊಡಗಿದರು.

ಶುಕ್ರವಾರ ಎರಡೂವರೆಗೆ, ಸಂಜೀವ ಸ್ಕೂಟರ್ ಹತ್ತಿ ಹೋದ ಎಷ್ಟೋ ಹೊತ್ತಿನ ಮೇಲೆ, ಅವಳು ವಕೀಲರ ಆಫೀಸಿಗೆ ಫೋನ್ ಮಾಡಿದಳು. ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿ, ಹನ್ನೊಂದು ಸಾಲನ್ನೂ ಓದಿದಳು. ಆ ಕಡೆ ವಿಷ್ಣುತೀರ್ಥರು ತಾರೀಖನ್ನು ಎರಡು ಸಲ ಕೇಳಿದರು.

"ಗಾಬರಿಯಾಗ್ಬೇಡ. ಒಂದು ದಾರಿ ಇದೆ" ಎಂದರು. "ಅವನಿಗೆ ಹೊಳೆದಿದ್ದನ್ನ ನೀನು ಕೇಳ್ಕೊಂಡು, ಅವನಿಗೆ ಹೇಳದೆ ಪತ್ರಿಕೆಗೆ ಕಳಿಸಿದ್ರೆ ಕಾನೂನು ಅವನ ಕಡೆ ನಿಲ್ಲಬಹುದು. ಮೊದಲಿಂದ್ಲೂ ನಿಂದೇ ಆಗಿದ್ರೆ ಪೇಟೆಂಟು ಉಳಿಯೋದು ಕಷ್ಟ. ಅದಕ್ಕೇ ಕೇಳ್ತೀನಿ, ಯೋಚ್ನೆ ಮಾಡಿ ಹೇಳು. ಯಾರದಮ್ಮ ಇದು?"

ಅವರದು ಎಂದರೆ ಮುಗಿಯಿತು. ನಾಲ್ಕು ಜನರ ಕಂಪನಿ ಉಳಿಯುತ್ತಿತ್ತು, ಮನೆ ನಡೆಯುತ್ತಿತ್ತು, ಯಾರೂ ಅನುಮಾನಿಸುತ್ತಿರಲಿಲ್ಲ. ಆದರೆ ಸಂಜೀವ ಅದನ್ನೇ ನಂಬಿ ಸಹಿಯನ್ನೂ ಹಾಕುತ್ತಿದ್ದ. ಎದುರು ಕಡೆಯವರು ಒಂದು ದಿನ ಅಣ್ಣಾಚ್ಚಿಯನ್ನು ಕರೆಸಿ ಉಪಾಯ ಯಾರದೆಂದು ಕೇಳಿದರೆ ಕೋರ್ಟಿನಲ್ಲಿ ತಲೆತಗ್ಗಿಸಿ ನಿಲ್ಲಬೇಕಾದವನೂ ಅವನೇ.

"ನಂದು ಮಾಮಾ" ಎಂದಳು ತುಂಗಾ. ಹೇಳಿದ ಮೇಲೆ ಒಂದು ಕ್ಷಣ ಅವಳಿಗೇ ಸ್ವಲ್ಪ ಹೆಮ್ಮೆ ಅನ್ನಿಸಿಬಿಟ್ಟಿತು. ಅದಕ್ಕೆ ನಾಚಿಕೆಯೂ ಆಯಿತು. "ಅವರ ಕೈಲಿ ಸೈನ್ ಹಾಕಿಸ್ಬೇಡಿ."

ಆ ಕಡೆ ನಿಟ್ಟುಸಿರು. ಬಾಗಿಲು ತೆರೆದ ಸದ್ದು.

"ಇಗೋ, ಬಂದ. ಪೆನ್ನು ಕೈಲೇ ಹಿಡ್ಕೊಂಡು ಬಂದಿದಾನೆ" ಎಂದರು ವಿಷ್ಣುತೀರ್ಥರು. "ನಾನು ಹೇಳ್ಲೋ, ನೀನು ಹೇಳ್ತೀಯೋ?"

"ಅವರಿಗೇ ಫೋನ್ ಕೊಡಿ."

ಗಂಡನ ದನಿ ಕೇಳಿಸಿತು, ನಗುನಗುತ್ತ, ಏನೇ ಎಂದು.

"ರೀ, ಮೊದಲು ಆ ಕುರ್ಚಿ ಮೇಲೆ ಕೂತ್ಕೊಳ್ಳಿ" ಎಂದಳು ತುಂಗಾ. "ನಡುವೆ ಬಾಯಿ ಹಾಕ್ಬೇಡಿ. ಸ್ವಲ್ಪ ಹೊತ್ತಾಗುತ್ತೆ."