ನೊಗ ಹೊತ್ತ ಚಾನಲ್ ಹುಲಿ

ವರದಮ್ಮನ ಮನೆಯಲ್ಲಿ ಎಲ್ಲರಿಗೂ ಓಡುವುದೇ ಕೆಲಸ ಎಂದು ಊರವರು ತಮಾಷೆ ಮಾಡುತ್ತಿದ್ದರು. ಗಂಡ ಕೆಂಪಪ್ಪ ಕುರಿಗಳ ಹಿಂದೆ ಓಡುತ್ತಾನೆ, ಮಗಳು ಜ್ಯೋತಿಲಕ್ಷ್ಮಿ ಪೊಲೀಸ್ ಕೆಲಸದ ಹಿಂದೆ ಓಡುತ್ತಾಳೆ, ಹೋರಿ ಮಾತ್ರ ಮುಂದೆ ಓಡುತ್ತದೆ, ಅದರ ಹಿಂದೆ ಊರಿಗೆ ಊರೇ ಓಡುತ್ತದೆ. ನಿಂತಲ್ಲೇ ನಿಲ್ಲುವವಳು ವರದಮ್ಮ ಒಬ್ಬಳೇ. ತಮಾಷೆಯಾದರೂ ಕೊನೆಯ ಮಾತು ನಿಜ. ಆಕೆ ಒಮ್ಮೆ ನಿಂತಳೆಂದರೆ ಅಲ್ಲಿಂದ ಸರಿಸುವುದು ಯಾರ ಕೈಯಲ್ಲೂ ಆಗುತ್ತಿರಲಿಲ್ಲ.

ಊರು ಶಿಕಾರಿಪುರ ತಾಲೂಕಿನದು, ಅಂಜನಾಪುರದ ಚಾನಲ್ ನೀರು ಹರಿಯುವ ಕಡೆಯದು. ಹೋರಿಗೂ ಅದೇ ಹೆಸರು: ಚಾನಲ್ ಹುಲಿ. ದೀಪಾವಳಿ ಬಂತೆಂದರೆ ಈ ಸೀಮೆಗೆಲ್ಲ ಹೋರಿ ಹಬ್ಬದ ಗುಂಗು ಹಿಡಿಯುತ್ತದೆ. ಕೊರಳಿಗೆ ಕೊಬ್ಬರಿ ಹಾರ, ಕೊಂಬಿಗೆ ಬಲೂನು ಕಟ್ಟಿಸಿಕೊಂಡ ಹೋರಿ ಅಖಾಡದ ಜನರ ನಡುವೆ ನುಗ್ಗಬೇಕು, ಹುಡುಗರು ಅದನ್ನು ಹಿಡಿದು ಕೊಬ್ಬರಿ ಕೀಳಬೇಕು. ಹಾರ ಉಳಿಸಿಕೊಂಡು ಪಾರಾದ ಹೋರಿಗೆ ಮೈಕಿನಲ್ಲಿ ಜೈಕಾರ. ಹುಲಿಯ ಕೊಬ್ಬರಿ ಕೀಳುವ ಗಂಡು ಇನ್ನೂ ಹುಟ್ಟಿಲ್ಲ ಎಂದು ನಮ್ಮ ಹುಡುಗರು ಸೊರಬದ ತನಕ ಹೇಳಿಕೊಂಡು ತಿರುಗುತ್ತಿದ್ದರು. ತಾಯಿ ಸತ್ತ ಆ ಕರುವನ್ನು ಕುರಿಹಾಲು ಕುಡಿಸಿ ಬದುಕಿಸಿದವಳು, ಹುರುಳಿ ನುಚ್ಚು ಹತ್ತಿಕಾಳು ತಿನ್ನಿಸಿ ಬೆಳೆಸಿದವಳು ವರದಮ್ಮ. ಹೇಳಿಕೊಂಡು ತಿರುಗುವ ಕೆಲಸ ಮಾತ್ರ ಹುಡುಗರದು.

ಹಬ್ಬದ ಹೋರಿಗೆ ಒಂದು ಕಟ್ಟುಪಾಡಿದೆ. ಅದರ ಹೆಗಲಿಗೆ ನೊಗ ತಾಗಬಾರದು. ತಾಗಿದ ದಿನವೇ ಅದು ಹೋರಿಯಲ್ಲ, ಬರೀ ಎತ್ತು. ಅಂಥದ್ದನ್ನು ಅಖಾಡಕ್ಕೆ ಬಿಟ್ಟರೆ ಬೇರೆ ಊರಿನವರು "ಹೊಲ ಹೂಡಿ ಬಂದೇನೋ" ಎಂದು ಕೂಗಿ ಊರಿನ ಮಾನ ಹರಾಜು ಹಾಕುತ್ತಾರೆ.

ವರದಮ್ಮ ಹುಟ್ಟಿದ್ದು ಸೊರಬದ ಕಡೆ, ಗುಡವಿಯ ಹತ್ತಿರ. ಶಾಲೆಯಲ್ಲಿದ್ದಾಗ ಓಟದಲ್ಲಿ ಆಕೆಯನ್ನು ಹಿಂದೆ ಹಾಕಿದವರಿಲ್ಲ. ಏಳನೇ ಕ್ಲಾಸಿನ ನಂತರ ಶಾಲೆ ಬಿಡಿಸಿದರು. ಬಿಡಿಸುವಾಗ ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ, ಏನು ಮಾಡುತ್ತೀ ಎಂದು ಕೇಳಲೂ ಇಲ್ಲ. ಹಾಗೆ ಕೇಳದೆ ಹೋದದ್ದೇ ಆಕೆಗೆ ಇವತ್ತಿಗೂ ನೋವು. ಹಾಗಾಗಿ ಜ್ಯೋತಿಲಕ್ಷ್ಮಿ ಪಿಯುಸಿ ಮುಗಿಸಿ, "ಅವ್ವಾ, ಪೊಲೀಸ್ ಆಗ್ತೀನಿ, ಓಟದ ಪರೀಕ್ಷೆ ಐತೆ" ಎಂದಾಗ ವರದಮ್ಮ ಎರಡನೇ ಮಾತು ಆಡದೆ ಪೇಟೆಗೆ ಹೋಗಿ ಬೂಟು ತಂದಳು.

ಓಡುವುದಕ್ಕೆ ಊರಲ್ಲಿ ಜಾಗವಿರಲಿಲ್ಲ. ಜ್ಯೋತಿಲಕ್ಷ್ಮಿ, ಪಕ್ಕದ ಮನೆಯ ಜಗದಾಂಬನ ಮಗಳು ಶೃತಿ, ಇನ್ನೂ ಕೆಲವು ಹುಡುಗಿಯರು ಬೆಳಕು ಹರಿಯುವ ಹೊತ್ತಿಗೆ ಟಾರು ರಸ್ತೆಯಲ್ಲೇ ಓಡುತ್ತಿದ್ದರು. ಬೇಸಿಗೆಯ ಒಂದು ಬೆಳಿಗ್ಗೆ ಹುಲ್ಲು ಹೇರಿಕೊಂಡ ಲಾರಿ ಸವರಿಕೊಂಡು ಹೋಯಿತು. ಜ್ಯೋತಿಲಕ್ಷ್ಮಿ ಚರಂಡಿಗೆ ಬಿದ್ದಳು, ಬಲಗೈ ಮುರಿಯಿತು. ಆಸ್ಪತ್ರೆಗೆ ನೋಡಲು ಬಂದವರೆಲ್ಲ ಬುದ್ಧಿ ಹೇಳಿದ್ದು ಲಾರಿಯವನಿಗಲ್ಲ, ವರದಮ್ಮನಿಗೆ. ಹೆಣ್ಣುಮಕ್ಕಳನ್ನು ರಸ್ತೆಗೆ ಬಿಟ್ಟರೆ ಹೀಗೇ ಆಗುವುದು ಎಂದರು. ಉಳಿದ ಹುಡುಗಿಯರ ಓಟವೂ ನಿಂತಿತು. ಯುವಕ ಮಂಡಳಿಯ ಅಧ್ಯಕ್ಷ ಪ್ರದೀಪ್ ಅಂತೂ ತನ್ನ ತಂಗಿ ನಾಗಶ್ರೀಗೆ, ಇನ್ನೊಮ್ಮೆ ಬೂಟು ಹಾಕಿದರೆ ಕಾಲು ಮುರಿಯುತ್ತೇನೆ ಎಂದನಂತೆ.

ಮಗಳ ಕೈಗೆ ಪಟ್ಟಿ ಇರುವಾಗಲೇ ವರದಮ್ಮ ತವರಿಗೆ ಹೋಗಿ ಬಂದಳು. ಅಲ್ಲಿ ಕೆರೆಯ ಆಚೆ ಪಂಚಾಯ್ತಿಯವರು ಮೈದಾನ ಮಾಡಿಸಿದ್ದರು. ಸುತ್ತ ಬೇಲಿ, ಎರಡು ದೀಪದ ಕಂಬ, ಕೂರುವುದಕ್ಕೆ ಕಟ್ಟೆ. ಹುಡುಗಿಯರು ಯಾರ ಹಂಗೂ ಇಲ್ಲದೆ ಓಡುತ್ತಿದ್ದರು. ಯಾವ ದುಡ್ಡಿನಲ್ಲಿ ಮಾಡಿಸಿದಿರಿ ಎಂದು ಕೇಳಿದರೆ, ಯುವಜನರಿಗೆಂದು ಪಂಚಾಯ್ತಿ ಎತ್ತಿಡುವ ಅನುದಾನದಲ್ಲಿ ಎಂದರು. ಆ ಅನುದಾನ ನಮ್ಮ ಊರಲ್ಲೂ ಇತ್ತು. ಪ್ರತಿ ವರ್ಷ ಅದು ನೇರ ಯುವಕ ಮಂಡಳಿಗೆ ಹೋಗಿ, ಹೋರಿ ಹಬ್ಬದ ಅಖಾಡಕ್ಕೆ ಬೇಲಿಯಾಗುತ್ತಿತ್ತು. ವರದಮ್ಮ ಬಸ್ಸಿನಲ್ಲಿ ಇಡೀ ದಾರಿ ಅದನ್ನೇ ಲೆಕ್ಕ ಹಾಕುತ್ತ ಬಂದಳು. ಇಳಿಯುವಾಗ ಮನಸ್ಸು ಗಟ್ಟಿಯಾಗಿತ್ತು.

ಮಳೆ ಹಿಂದೆ ಸರಿದ ಮೇಲೆ ಗ್ರಾಮಸಭೆ ಸೇರಿತು. ಪಂಚಾಯ್ತಿ ಅಧ್ಯಕ್ಷ ಮಹೇಶ್ವರಪ್ಪ ಗೊಬ್ಬರದ ಅಂಗಡಿ ಇಟ್ಟವರು, ಗಿರಾಕಿಗಳ ಮನಸ್ಸು ನೋಯಿಸಿ ಗೊತ್ತಿಲ್ಲದವರು. ಯುವಜನರ ಅನುದಾನ ಎಂದಿನಂತೆ ಯುವಕ ಮಂಡಳಿಗೆ ಎಂದು ಅವರು ಹೇಳಿ ಮುಗಿಸುವಷ್ಟರಲ್ಲಿ ವರದಮ್ಮ ಎದ್ದು ನಿಂತಳು.

"ಅಣ್ಣಾರೆ, ಯುವಜನ ಅಂದ್ರೆ ಗಂಡುಹುಡುಗ್ರು ಅಷ್ಟೇನಾ?"

"ಹಂಗಂತ ಯಾರಂದ್ರು ವರದಮ್ಮ?"

"ಯಾರೂ ಅನ್ನಲ್ಲ. ಕೊಡೋದು ಮಾತ್ರ ಅವ್ರಿಗೇ. ಶಾಲೆ ಹಿಂದಿನ ಗೋಮಾಳದಾಗೆ ಒಂದು ಮೈದಾನ ಮಾಡ್ಸಿಕೊಡ್ರಿ. ಎಲ್ರೂ ಓಡ್ಲಿ."

ಪ್ರದೀಪ್ ಮುಖ ಗಂಟು ಹಾಕಿದ. "ವರದಕ್ಕ, ಅಖಾಡದಾಗೆ ಓಡೋದು ನಿಮ್ ಹುಲೀನೇ. ಅದರ ಬೇಲಿ ದುಡ್ಡಿಗೇ ಕಲ್ಲು ಹಾಕ್ತೀರಲ್ರಿ."

"ಹುಲಿ ಓಡಾಕೆ ಬೇಲಿ ಬೇಕು. ನನ್ ಮಗಳು ಓಡಾಕೆ ಲಾರಿ ಮುಂದೇ ಹೋಗ್ಬೇಕೇನಪ್ಪ?"

ಮಹೇಶ್ವರಪ್ಪನವರು ಅತ್ತ ನೋಡಿದರು, ಇತ್ತ ನೋಡಿದರು. ಇಬ್ಬರೂ ಗಿರಾಕಿಗಳೇ. ಕೊನೆಗೆ ಒಂದು ದಾರಿ ಹುಡುಕಿದರು. "ಗೋಮಾಳದಾಗೆ ಜಾಲಿ, ಗುಂಡಿ ಬಿಟ್ರೆ ಏನೈತ್ರಿ? ನೆಲ ಮಟ್ಟ ಮಾಡೋ ಖರ್ಚು ಈ ಅನುದಾನದಾಗೆ ಬರಲ್ಲ. ಅದು ಊರವರ ಶ್ರಮದಾನ. ಸೋಮವಾರ ಎಂಜಿನಿಯರ್ ಬರ್ತಾರೆ. ಅಷ್ಟ್ರಾಗೆ ನೆಲ ಮಟ್ಟ ಮಾಡಿ ತೋರ್ಸಿದ್ರೆ ಬೇಲಿ, ದೀಪ, ಕಟ್ಟೆ ಪಂಚಾಯ್ತಿದು. ಆಗ್ಲಿಲ್ಲ ಅಂದ್ರೆ ದುಡ್ಡು ಹಬ್ಬಕ್ಕೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಆಗುವ ಕೆಲಸವಲ್ಲ ಎಂಬ ಧೈರ್ಯ ಎಲ್ಲರಿಗೂ ಇತ್ತು.

ಮರುದಿನವೇ ವರದಮ್ಮ ಕುಡುಗೋಲು ಹಿಡಿದು ಗೋಮಾಳಕ್ಕೆ ಇಳಿದಳು. ಜಗದಾಂಬ ಬಂದಳು, ಶೃತಿ ಬಂದಳು, ಓಟ ಬಿಟ್ಟ ಹುಡುಗಿಯರು ತಾಯಂದಿರನ್ನೂ ಎಳೆದುಕೊಂಡು ಬಂದರು. ಜಾಲಿ ಕಡಿದರು, ಗುಂಡಿ ಮುಚ್ಚಿದರು. ಬಲಗೈಗೆ ಇನ್ನೂ ಪೂರ್ತಿ ಬಲ ಬಂದಿರದ ಜ್ಯೋತಿಲಕ್ಷ್ಮಿ ಎಡಗೈಯಲ್ಲೇ ಬುಟ್ಟಿ ಹೊತ್ತಳು. ನಾಗಶ್ರೀ ಮಾತ್ರ ತಾರಸಿಯ ಮೇಲೆ ನಿಂತು ನೋಡುತ್ತಿದ್ದಳು. ಶನಿವಾರದ ಹೊತ್ತಿಗೆ ಉಳಿದದ್ದು ನಡುವಿನ ದಿಬ್ಬ ಒಂದೇ. ಅದು ಗುದ್ದಲಿಯಿಂದ ಎರಡು ದಿನದಲ್ಲಿ ಕರಗುವಂಥದ್ದಲ್ಲ, ಟ್ರ್ಯಾಕ್ಟರ್ ಬೇಕಿತ್ತು. ಊರಿನ ಟ್ರ್ಯಾಕ್ಟರುಗಳೆಲ್ಲ ಮಂಡಳಿಯ ಹುಡುಗರ ಮನೆಯವು. ಒಂದರ ಕ್ಲಚ್ ಹೋಗಿತ್ತು, ಒಂದರಲ್ಲಿ ಡೀಸೆಲ್ ಇರಲಿಲ್ಲ, ಪ್ರದೀಪನದಂತೂ ಸ್ಟಾರ್ಟೇ ಆಗುತ್ತಿಲ್ಲವಂತೆ. ಅಷ್ಟು ಟ್ರ್ಯಾಕ್ಟರುಗಳಿಗೂ ಒಟ್ಟಿಗೇ ಕಾಯಿಲೆ ಬಂದದ್ದು ಊರು ಅದೇ ಮೊದಲು ಕಂಡದ್ದು.

ವರದಮ್ಮ ಬಾಡಿಗೆಗೆ ಬೇರೆ ಊರಿನಲ್ಲಿ ಕೇಳಿದಳು. ಗೋವಿನಜೋಳದ ಸುಗ್ಗಿ, ಯಾರ ಗಾಡಿಯೂ ಖಾಲಿ ಇರಲಿಲ್ಲ. ಆಗ ಜಗದಾಂಬನ ಮಾವ ತೋಟಪ್ಪಜ್ಜ ಹೇಳಿದ, "ನನ್ ಮುದಿ ಎತ್ತು ಐತಿ, ಕುಂಟೆ ಐತಿ, ಹಲಗೆ ಐತಿ. ಜೋಡಿ ಎತ್ತು ಹೋದ ವರ್ಷ ಸತ್ತೋತು. ಇನ್ನೊಂದು ಎತ್ತು ಎಲ್ಲಿಂದ ತರ್ತಿ ಮಗಳೆ?"

ವರದಮ್ಮ ಮನೆಗೆ ಬಂದು ಕೊಟ್ಟಿಗೆಯ ಬಾಗಿಲಲ್ಲಿ ಕುಳಿತಳು. ಒಳಗೆ ಹುಲಿ ಮೆಲುಕು ಹಾಕುತ್ತಿತ್ತು. ದಾವಣಗೆರೆ ಕಡೆ ಕುರಿ ಮೇಯಿಸಲು ಹೋಗಿದ್ದ ಗಂಡನಿಗೆ ಫೋನು ಮಾಡಿ ವಿಷಯ ಹೇಳಿದಳು.

"ಹುಲಿ ಹೆಗಲಿಗೆ ನೊಗಾನಾ? ನಿನ್ ತಲೆ ನೆಟ್ಟಗೈತೇನೆ?" ಎಂದ ಕೆಂಪಪ್ಪ. ಆಮೇಲೆ ಅವನು ಕುರಿಗಳನ್ನು ಗದರಿಸುವುದು ಕೇಳಿಸಿತು. ಗದರಿಸಿ ಮತ್ತೆ ಫೋನಿಗೆ ಬಂದ. "ಹೆಗಲಿಗೆ ಎಣ್ಣೆ ಹಚ್ಚು. ಮೊದ್ಲನೇ ಸಲ ಚರ್ಮ ಕಿತ್ತೋಗುತ್ತೆ."

ಭಾನುವಾರ ಬೆಳಿಗ್ಗೆ ಹುಲಿಯ ಮೈ ತೊಳೆದು, ಹೆಗಲಿಗೆ ಎಣ್ಣೆ ತಿಕ್ಕಿ, ವರದಮ್ಮ ಅದನ್ನು ಊರ ನಡುವಿನ ದಾರಿಯಲ್ಲೇ ಗೋಮಾಳಕ್ಕೆ ನಡೆಸಿಕೊಂಡು ಹೋದಳು. ಕದ್ದು ಮಾಡುವ ಕೆಲಸವಾಗಿರಲಿಲ್ಲ ಅದು. ತೋಟಪ್ಪಜ್ಜ ನೊಗ ಇಟ್ಟ ಕೂಡಲೇ ಹುಲಿ ಕೊಡವಿ ಎಸೆಯಿತು. ಇನ್ನೊಮ್ಮೆ ಇಟ್ಟಾಗಲೂ ಎಸೆಯಿತು. ವರದಮ್ಮ ಅದರ ಹಣೆಗೆ ತನ್ನ ಹಣೆ ಒತ್ತಿ, "ನನ್ ಸಲುವಾಗಿ ಹೊರು ಮಗನೆ" ಎಂದಳು. ಮೂಗುದಾರ ಹಿಡಿದು ಮುಂದೆ ನಡೆದಳು. ಹಾಲು ಕುಡಿಸಿದ ಕೈಯ ಹಿಂದೆ ಹೋಗಿ ಅಭ್ಯಾಸವಿದ್ದ ಪ್ರಾಣಿ, ಮುದಿ ಎತ್ತಿನ ಜೊತೆ ಹೆಜ್ಜೆ ಕಿತ್ತಿತು. ಕುಂಟೆ ಹೊಡೆದು ದಿಬ್ಬ ಸಡಿಲಿಸಿದರು, ಹಲಗೆ ಕಟ್ಟಿದರು, ಭಾರಕ್ಕೆಂದು ಶೃತಿ ಹಲಗೆಯ ಮೇಲೆ ಹತ್ತಿ ನಿಂತಳು. ಮಣ್ಣು ತಗ್ಗಿಗೆ ಸರಿಯತೊಡಗಿತು.

ಸುದ್ದಿ ಮುಟ್ಟಲು ಎಷ್ಟು ಹೊತ್ತು ಬೇಕು? ಮಂಡಳಿಯ ಹುಡುಗರು ಬೈಕಿನ ಮೇಲೆ ಬಿದ್ದೆನೋ ಎದ್ದೆನೋ ಎಂದು ಬಂದರು. ನೊಗದಡಿಯ ಹುಲಿಯನ್ನು ಕಂಡು ಪ್ರದೀಪನ ಮುಖ ಬಿಳಿಚಿಕೊಂಡಿತು.

"ವರದಕ್ಕ, ಏನ್ ಮಾಡ್ತಿದೀರಿ ಇದು? ನೊಗ ಇಳ್ಸ್ರಿ. ಊರ ಮಾನ ಹೋಗುತ್ತೆ."

"ಊರ ಮಾನ ಆವತ್ತು ಚರಂಡ್ಯಾಗೆ ಕೈ ಮುರ್ಕೊಂಡು ಬಿದ್ದಿತ್ತಲ್ಲಪ್ಪ. ಆವಾಗ ಎಲ್ಲಿದ್ರಿ?" ಆಕೆ ನಿಲ್ಲದೆ ನಡೆಯುತ್ತಲೇ ಹೇಳಿದಳು.

ಜ್ಯೋತಿಲಕ್ಷ್ಮಿ ಎಡಗೈಯಲ್ಲಿ ಬುಟ್ಟಿ ಹಿಡಿದು ಪ್ರದೀಪನ ಮುಂದೆಯೇ ಹಾದುಹೋದಳು. ಅವನು ತಲೆ ತಗ್ಗಿಸಿದ.

"ಟ್ರ್ಯಾಕ್ಟರ್ ತರ್ತೀನಿ. ಇಳ್ಸ್ರಿ ಅಕ್ಕ, ಕೈ ಮುಗೀತೀನಿ."

"ತಾ. ಬಂದ ಮ್ಯಾಲೆ ಇಳಿಸ್ತೀನಿ."

ಕಾಯಿಲೆ ಬಿದ್ದ ಟ್ರ್ಯಾಕ್ಟರುಗಳೆಲ್ಲ ಅರ್ಧ ಗಂಟೆಯಲ್ಲಿ ಗುಣವಾಗಿ ಬಂದವು. ಅಲ್ಲಿಯತನಕ ವರದಮ್ಮ ಹಲಗೆ ನಿಲ್ಲಿಸಲಿಲ್ಲ. ನೊಗ ಇಳಿಸಿದಾಗ ಹುಲಿಯ ಹೆಗಲ ಚರ್ಮ ಕೆಂಪಗೆ ಸುಲಿದಿತ್ತು. ಪ್ರದೀಪ್ ಮನೆಗೆ ಓಡಿ ಅರಿಶಿನ ತಂದು ತಾನೇ ಹಚ್ಚಿದ. ಹಚ್ಚುವಾಗ ಅಳುತ್ತಿದ್ದ, ಮುಚ್ಚಿಕೊಳ್ಳಲೂ ಇಲ್ಲ. ಸಂಜೆಗೆ ದಿಬ್ಬ ನೆಲಸಮವಾಯಿತು. ಸೋಮವಾರ ಬಂದ ಎಂಜಿನಿಯರ್ ಅಳತೆ ತೆಗೆದು, ಚೆನ್ನಾಗಿದೆ ಎಂದು ಬರೆದುಕೊಂಡು ಹೋದರು. ಮಹೇಶ್ವರಪ್ಪನವರು ಇದೆಲ್ಲ ತಮ್ಮದೇ ಯೋಜನೆ ಎಂಬಂತೆ ಓಡಾಡಿದರು. ಅವರ ಸಂತೋಷಕ್ಕೆ ವರದಮ್ಮ ಅಡ್ಡಿ ಮಾಡಲಿಲ್ಲ.

ಆ ವರ್ಷ ಅಖಾಡಕ್ಕೆ ಅನುದಾನದ ಬೇಲಿ ಇರಲಿಲ್ಲ, ಹುಡುಗರೇ ಬಿದಿರು ತಂದು ಕಟ್ಟಿದರು. ನೊಗ ತಾಗಿದ್ದರೂ ಇರಲಿ ಎಂದು ಹುಲಿಯ ಹೆಸರನ್ನೂ ಬರೆಸಿದ್ದರು. ಹೆಗಲ ಗಾಯ ಮಾಯ್ದು ಬರೀ ಗುರುತು ಉಳಿದಿದ್ದ ಹುಲಿ ಅಖಾಡದ ಬಾಯಿಗೆ ಬಂದು ನಿಂತಿತು. ಬೇಲಿಯ ಆಚೆಯಿಂದ ಬೇರೆ ಊರಿನವರು ಕೂಗಿದರು, "ಹೊಲ ಹೂಡಿ ಬಂದೇನೋ!" ನಗು ಎದ್ದಿತು. ವರದಮ್ಮನಿಗೆ ಮೈ ಉರಿಯಿತು. ಮೈಕಿನಲ್ಲಿ ಹೋರಿಗಳ ಹೆಸರು ಹೇಳುತ್ತಿದ್ದವನು ಪ್ರದೀಪ್.

"ಹೌದ್ರಿ, ಹೂಡೈತಿ," ಎಂದ. "ನಮ್ ಊರ ಹೆಣ್ಮಕ್ಳು ಓಡೋ ಮೈದಾನ ಹೂಡಿದ ಹೋರಿ ಇದು. ಚಾನಲ್ ಹುಲಿ. ದಾರಿ ಬಿಡ್ರಿ."

ಹುಲಿ ನುಗ್ಗಿತು. ಆದರೆ ಆ ದಿನ ಅದರದ್ದಾಗಿರಲಿಲ್ಲ. ಅಖಾಡದ ತುದಿಯಲ್ಲಿ ಸೊರಬದ ಹುಡುಗನೊಬ್ಬ ಕೊರಳಿಗೆ ಜೋತುಬಿದ್ದು ಕೊಬ್ಬರಿ ಕಿತ್ತೇ ಬಿಟ್ಟ. ಹಬ್ಬ ಮುಗಿದ ಮೇಲೆ ಪ್ರದೀಪ್ ಜೋಲುಮುಖ ಹಾಕಿಕೊಂಡು ವರದಮ್ಮನ ಮುಂದೆ ಬಂದು ನಿಂತ.

"ಕೊಬ್ಬರಿ ಹೋತಲ್ಲ ವರದಕ್ಕ."

"ಹೋಗ್ಲಿ ಬಿಡಪ್ಪ," ಎಂದಳು ಆಕೆ, ಹುಲಿಯ ಹೆಗಲು ಸವರುತ್ತ. "ನಾಳೆ ನಾಗಶ್ರೀನ ಮೈದಾನಕ್ಕೆ ಕಳ್ಸು."

ಮರುದಿನ ಬೆಳಿಗ್ಗೆ ನಾಗಶ್ರೀ ಅಣ್ಣನ ಬೈಕಿನಿಂದ ಇಳಿದು, ಬೂಟಿನ ದಾರ ಬಿಗಿದುಕೊಂಡು, ಜ್ಯೋತಿಲಕ್ಷ್ಮಿಯ ಪಕ್ಕದಲ್ಲಿ ಹೋಗಿ ನಿಂತಳು.