ಅಮ್ಮನ ಕಪ್ಪು ಬೆರಳು

ನಾನು ಚಿಕ್ಕವಳಿದ್ದಾಗ, ಅಂದರೆ ಅಮ್ಮನ ಸೆರಗು ಹಿಡಿದೇ ಊರು ಸುತ್ತುವ ವಯಸ್ಸಿನಲ್ಲಿ, ತಾವರೆಕೆರೆ ಕಡೆಯ ನಮ್ಮೂರಿಗೆಲ್ಲ ಬಟ್ಟೆ ಒಗೆಯುವುದು ನಮ್ಮ ಮನೆಯವರೇ. ಯಾವ ಬಟ್ಟೆ ಯಾರದೆಂದು ತಿಳಿಯಲು ಅಮ್ಮ ಕಾಡಿನ ಕರಿಗೇರುಕಾಯಿಗೆ ಸೂಜಿ ಚುಚ್ಚಿ, ಅದರ ಕಪ್ಪು ರಸದಲ್ಲಿ ಒಂದೊಂದು ಮನೆಗೆ ಒಂದೊಂದು ಗುರುತು ಹಾಕುತ್ತಿದ್ದಳು. ಎಷ್ಟು ಒಗೆದರೂ ಅದು ಹೋಗುತ್ತಿರಲಿಲ್ಲ. ಕಾಯಿ ಹಿಡಿಯುವ ಅವಳ ಎಡಗೈ ತೋರುಬೆರಳೂ ಸದಾ ಕಪ್ಪಗೇ ಇರುತ್ತಿತ್ತು.

ಅಮ್ಮ ಮೊದಲ ಸಲ ಓಟು ಹಾಕಲು ಹೊರಟ ದಿನ ತಲೆಗೆ ಹರಳೆಣ್ಣೆ ಹಚ್ಚಿ ಬಾಚಿ, ಇದ್ದುದರಲ್ಲೇ ಒಳ್ಳೆಯ ಸೀರೆ ಉಟ್ಟಳು. ಸ್ಕೂಲಿನ ಅಂಗಳದ ತುಂಬ ಹೊಂಗೆ ಹೂವು ಉದುರಿತ್ತು. ಸಾಲು ಬಿಸಿಲಿಗೆ ಬಂದಾಗ ಅಮ್ಮ ಸೆರಗಿನಿಂದ ನನ್ನ ತಲೆ ಮುಚ್ಚಿದಳು.

ಶಾಯಿ ಹಚ್ಚಲು ಕೂತಿದ್ದ ಮೇಷ್ಟ್ರು ಬೇರೆ ಊರಿನವರು. ಅಮ್ಮನ ಬೆರಳು ಕಂಡದ್ದೇ ಅವರ ಮುಖ ಗಂಟಾಯಿತು. ಒಂದು ಸಲ ಓಟು ಹಾಕಿ ಮತ್ತೆ ಬಂದಿದ್ದೀಯಲ್ಲ, ಪೊಲೀಸರನ್ನು ಕರೆಯಬೇಕಾಗುತ್ತದೆ ಎಂದು ಗದರಿದರು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಯಾರ ಮನೆಯ ಒಂದು ಕರವಸ್ತ್ರವನ್ನೂ ಕಳೆಯದ ಅಮ್ಮನಿಗೆ ಕಳ್ಳ ಓಟಿನ ಹೆಸರು. ನಾನು ಜೋರಾಗಿ ಅಳತೊಡಗಿದೆ.

ಪಕ್ಕದ ಬೆಂಚಿನ ಮೇಲೆ ಎರಡು ಪಕ್ಷದ ಏಜೆಂಟರು ಕೂತಿದ್ದರು. ಇಬ್ಬರೂ ನಮ್ಮೂರಿನವರೇ, ಆದರೆ ಒಬ್ಬರ ಮುಖ ಕಂಡರೆ ಒಬ್ಬರಿಗಾಗದು. ಅವರಲ್ಲಿ ಹಿರಿಯರು ಎದ್ದು ಬಂದು, ತಮ್ಮ ಅಂಗಿಯ ಕಾಲರು ತಿರುಗಿಸಿ ಮೇಷ್ಟ್ರಿಗೆ ತೋರಿಸಿದರು.

"ಅದು ಶಾಯಿ ಅಲ್ಲ ಸ್ವಾಮಿ, ಗೇರು. ನೋಡಿ, ನನ್ ಅಂಗೀಲೂ ಐತೆ," ಎಂದರು.

ಅವರೊಬ್ಬರಿಗೇ ಒಳ್ಳೆಯ ಹೆಸರು ಬರಲು ಇನ್ನೊಬ್ಬರು ಬಿಟ್ಟಾರೆಯೇ? ಅವರೂ ಬಂದು ಕತ್ತು ಬಗ್ಗಿಸಿದರು. "ನಂದ್ರಲ್ಲೂ ಐತೆ. ಆಯಮ್ಮ ಈಗ್ಲೇ ಬಂದಿರೋದು, ಓಟ್ ಹಾಕ್ಲಿ ಬುಡಿ," ಎಂದರು.

ಎರಡೂ ಕಾಲರು ನೋಡಿ ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. ಅಮ್ಮನ ಪಕ್ಕದ ಬೆರಳಿಗೆ ಶಾಯಿ ಹಚ್ಚಿ ಒಳಗೆ ಬಿಟ್ಟರು. ಓಟು ಹಾಕಿ ಬಂದ ಅಮ್ಮ ಹೊಂಗೆಯ ನೆರಳಲ್ಲಿ ಕುಸಿದು ಕೂತು, ಉಸ್ಸಪ್ಪಾ ಎಂದು ಉಸಿರು ಬಿಟ್ಟಳು. ನನಗೂ ಹೋದ ಜೀವ ಬಂದಂತಾಯಿತು. ಆ ಸಲ ಯಾವ ಪಕ್ಷ ಗೆದ್ದಿತೋ ನನಗೆ ನೆನಪಿಲ್ಲ.

ಮಕ್ಕಳೇ, ನಿಮ್ಮ ಮನೆಯಲ್ಲಿ ಬಟ್ಟೆ ಒಗೆಯುವುದು ಮಷಿನ್ನು. ಯಾರ ಕಾಲರಿನಲ್ಲೂ ಗುರುತಿಲ್ಲ. ಮೊನ್ನೆ ನಾನು ಓಟು ಹಾಕಲು ಹೋದಾಗ ಕಾರ್ಡು ನೋಡಿ ಸುಮ್ಮನೆ ಕಳಿಸಿದರು. ಆದರೂ ಬೆರಳು ಚಾಚುವಾಗ ನನ್ನ ಎದೆ ಡವಡವ ಅಂದಿತು, ಶಾಯಿ ತಣ್ಣಗೆ ತಾಗಿದ ಮೇಲೇ ಸಮಾಧಾನ. ಮನೆಗೆ ಬಂದರೆ ನೀವೆಲ್ಲ ನನ್ನ ಬೆರಳಿನ ಫೋಟೊ ತೆಗೆಯಲು ಮುಗಿಬಿದ್ದಿರಿ. ತಾಳಿ ಎಂದು ನಾನು ಒಳಗೆ ಹೋದೆನಲ್ಲ, ಗೋಡೆಯ ಮೇಲಿರುವ ಅಮ್ಮನಿಗೆ ಮೊದಲು ತೋರಿಸಲು ಹೋಗಿದ್ದೆ. ಆ ಫೋಟೊದಲ್ಲಿ ಅವಳ ಬೆರಳು ಇನ್ನೂ ಕಪ್ಪಗಿದೆ.