ನಾಟಿ ಸಾಲಿನ ಮಂಟಯ್ಯ

ಮಿರ್ಲೆಯ ಮಂಟಯ್ಯನಿಗೆ ಆಗ ಇಪ್ಪತ್ತರ ಆಸುಪಾಸು. ಆಳು ಗಟ್ಟಿಮುಟ್ಟಾಗಿದ್ದ, ಮೀಸೆಯೂ ಹೇಳಿಕೊಳ್ಳುವಷ್ಟು ಬಂದಿತ್ತು. ಆದರೂ ಗಂಡಸರ ಗುಂಪಿನಲ್ಲಿ ಕೂತರೆ ಯಾರದೋ ಅಂಗಿ ತೊಟ್ಟವನ ಹಾಗೆ ಮುದುಡುತ್ತಿದ್ದ. ಬೀಡಿ ಸೇದಲು ಹೋದರೆ ಕೆಮ್ಮು, ಬೈಗುಳ ಕಲಿಯಲು ಹೋದರೆ ನಾಚಿಕೆ. ತನಗೇನಾಗಿದೆ ಎಂದು ಅವನಿಗೂ ತಿಳಿಯದು. ಕೇಳೋಣವೆಂದರೆ ಏನಂತ ಕೇಳುವುದು? ಆ ಕಾಯಿಲೆಗೆ, ಅದು ಕಾಯಿಲೆಯೇ ಆಗಿದ್ದರೆ, ಹೆಸರು ಹೇಳುವವರು ಊರಲ್ಲಿ ಯಾರೂ ಇರಲಿಲ್ಲ.

ಅರವತ್ತೆಂಟನೆಯ ಇಸವಿಯ ಮಳೆಗಾಲ. ನಾಲೆಗೆ ನೀರು ಬಿಟ್ಟು, ಸಿದ್ದಮಲ್ಲಪ್ಪನವರ ಗದ್ದೆಯಲ್ಲಿ ನಾಟಿ ನಡೆದಿತ್ತು. ಪೈರು ಕಿತ್ತು ಕಟ್ಟು ಹೊರುವುದು ಗಂಡಸರ ಪಾಲು, ಸಾಲು ಹಿಡಿದು ನೆಡುವುದು ಹೆಂಗಸರ ಪಾಲು. ಯಶೋದಮ್ಮ ಬಾಣಂತನಕ್ಕೆ ಹೋಗಿ ಸಾಲಿನಲ್ಲಿ ಒಂದು ಆಳು ಕಡಿಮೆ ಬಿತ್ತು. ಸಾಲಿನ ಹಿರಿಯಳು ಕುಳ್ಳಮ್ಮ, ಬದುವಿನ ಮೇಲಿದ್ದ ಮಂಟಯ್ಯನನ್ನು ಕೂಗಿದಳು: "ಸುಮ್ಕೆ ನಿಂತಿದ್ದೀಯಲ್ಲ, ಒಂದೊತ್ತು ನೆಡು ಬಾರ್ಲಾ."

ಇಳಿದ. ಬಗ್ಗಿದ್ದೇ ತಡ, ಕೈ ತಾನಾಗಿಯೇ ಓಡಿತು. ಅಕ್ಕಪಕ್ಕದ ನಗು, ಅತ್ತೆಯರ ಮೇಲಿನ ದೂರು ಎಲ್ಲಕ್ಕೂ ಹೂಂಗುಟ್ಟುತ್ತ ಹೋದ. ಅಷ್ಟರಲ್ಲಿ ಕುಳ್ಳಮ್ಮ ತಲೆ ಎತ್ತದೆಯೇ ಅವನನ್ನು ಗದರಿದಳು: "ಪೈರು ಒತ್ತೊತ್ತಾಗಿ ಬತ್ತಾದೆ, ನೋಡ್ಕಂಡು ನೆಡಮ್ಮಿ!"

ಸಾಲೆಲ್ಲ ಗೊಳ್ಳೆಂದಿತು. ಗಂಡಿಗೆ 'ಲಾ', ಹೆಣ್ಣಿಗೆ 'ಅಮ್ಮಿ'. ಆಗತಾನೇ ಮಾತು ಬಂದ ಮಗುವೂ ಇದನ್ನು ತಪ್ಪುವುದಿಲ್ಲ. ಕುಳ್ಳಮ್ಮ ನಾಲಿಗೆ ಕಚ್ಚಿಕೊಂಡಳು. ಮಂಟಯ್ಯನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎದೆ ಹಗುರಾಯಿತು, ಆಮೇಲೆ ಹೆದರಿಕೆಯಾಯಿತು. ಇದೆಂಥ ಮಂಗತನ ಎಂದು ತನ್ನನ್ನೇ ಬೈದುಕೊಂಡ.

ಮರುದಿನ ಕರೆಯದಿದ್ದರೂ ಬಂದ. ತಲೆಯ ಟವೆಲನ್ನು ಪೇಟದ ಹಾಗೆ ಸುತ್ತದೆ ಸೆರಗಿನ ಹಾಗೆ ಹೊದ್ದಿದ್ದ. ಬಿಸಿಲಿಗೆ ಅಂತ ತನಗೇ ಸಮಜಾಯಿಷಿ ಹೇಳಿಕೊಂಡ. ನೋಡಿದರೆ ಮೋಡ ಮುಚ್ಚಿ ಜಡಿಮಳೆ ಹಿಡಿದಿತ್ತು. ಕುಳ್ಳಮ್ಮ ಪಾಪ, ನೆನ್ನೆಯ ತಪ್ಪು ತಿದ್ದಿಕೊಳ್ಳಲು ಮಾತುಮಾತಿಗೂ "ತಕೋ ಕಣ್ಲಾ", "ಅತ್ಲಾಗೆ ಸರ್ಕೋ ಕಣ್ಲಾ" ಅನ್ನತೊಡಗಿದಳು. ಒಳ್ಳೆಯ ಮನಸ್ಸಿನಿಂದಲೇ ಅನ್ನುತ್ತಿದ್ದಳು, ಆದರೆ ಪ್ರತಿ ಸಲವೂ ಅವನಿಗೆ ಚುಚ್ಚಿದ ಹಾಗಾಗುತ್ತಿತ್ತು.

ಕೊನೆಗೆ ತಡೆಯಲಾರದೆ, "ಅವ್ವಾ, ನೆನ್ನೆ ಕರ್ದಂಗೇ ಕರಿ" ಅಂದ.

"ಎಂಗ್ ಕರ್ದಿದ್ನೋ?"

ಅವನು ಇನ್ನಷ್ಟು ಬಗ್ಗಿ ಒಂದು ಪೈರು ನೆಟ್ಟ. ಪಕ್ಕದಲ್ಲಿದ್ದ ಭದ್ರಮ್ಮ ಮೆಲ್ಲಗೆ ಹೇಳಿದಳು: "ಅಮ್ಮಿ ಅಂದಿದ್ಯಲ್ಲವ್ವ, ಅದು."

ಈ ಸಲ ಯಾರೂ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು ಅನ್ನಿಸಿತು ಮಂಟಯ್ಯನಿಗೆ. ಕುಳ್ಳಮ್ಮ ಸೊಂಟ ಹಿಡಿದು ನೆಟ್ಟಗೆ ನಿಂತು ಅವನನ್ನೇ ನೋಡಿದಳು. "ನಂಗೊಂದೂ ತಿಳಿಯಾಕಿಲ್ಲ ಕಣಪ್ಪ. ನಿಂಗೆ ತಿಳಿದದಾ?"

"ಇಲ್ಲ ಕಣವ್ವ," ಅನ್ನುವಷ್ಟರಲ್ಲಿ ಅಳು ಬಂತು. ಭದ್ರಮ್ಮ ಕೆಸರುಗೈಯಲ್ಲೇ, ಜಾರಿದ ಟವೆಲನ್ನು ಅವನ ಕಿವಿಯ ಹಿಂದಕ್ಕೆ ಸಿಕ್ಕಿಸಿದಳು.

ಅದೇ ಹೊತ್ತಿಗೆ ಸಿದ್ದಮಲ್ಲಪ್ಪನವರು ಛತ್ರಿ ಹಿಡಿದು ಬದುವಿನ ಮೇಲೆ ಬಂದರು. "ಏನ್ಲಾ ಇದು ವೇಷ? ಎದ್ ಬಾರ್ಲಾ ಮ್ಯಾಕೆ! ನೇಗ್ಲು ಇಡಿಯೋ ಆಳು ಎಂಗಸ್ರ ಸಾಲ್ನಾಗೆ! ಇನ್ನೊಂದ್ ಸಲ ಅಲ್ಲಿ ಇಳಿದ್ರೆ ನೋಡು."

ಬದು ಹತ್ತಿದರೆ ಮತ್ತೆ ಇಲ್ಲಿಗೆ ಇಳಿಯುವಂತಿಲ್ಲ. ಹತ್ತದೆ ನಿಂತರೆ ತಾನು ಏನೆಂದು ಹೇಳಬೇಕು, ಅದೇ ಗೊತ್ತಿಲ್ಲ. ಮಂಟಯ್ಯ ಕೆಸರಿನಿಂದ ಒಂದು ಕಾಲು ಕಿತ್ತ.

ಕುಳ್ಳಮ್ಮ ಅವನ ಮಣಿಕಟ್ಟು ಹಿಡಿದುಕೊಂಡಳು. "ಇದು ನಮ್ಮ ಸಾಲಿನ ಆಳು ಬುದ್ಧೀ. ಎಬ್ಬಿಸಿದ್ರೆ ನಾವೂ ಎದ್ದೋಯ್ತೀವಿ."

ಸಾಲಿನ ಹೆಂಗಸರೆಲ್ಲ ಕೈಯಲ್ಲಿದ್ದ ಪೈರನ್ನು ನೀರಿಗೆ ಬಿಟ್ಟು ನಿಂತರು.

"ಇವನೇನು ಗಂಡಸೋ, ಎಂಗ್ಸೋ?" ಎಂದು ಕೂಗಿದರು ಸಿದ್ದಮಲ್ಲಪ್ಪನವರು.

"ಆ ಆಳ್ಗೇ ಇನ್ನೂ ಗೊತ್ತಾಗಿಲ್ಲ ಬುದ್ಧೀ, ನಿಮಗ್ಯಾಕೆ ಇಷ್ಟು ಅವಸರ?" ಎಂದಳು ಕುಳ್ಳಮ್ಮ.

ಮಂಟಯ್ಯ ಕಿತ್ತ ಕಾಲನ್ನು ಮತ್ತೆ ಕೆಸರಿಗೇ ಇಟ್ಟ.